ಅಪ್‌ಡೇಟ್ ನಡದದ

ಆ ಭಾನುವಾರ ಬೆಳಿಗ್ಗೆ ಭಾಲ್ಕಿಯ ಶಿವಕಾಂತ ಎರಡನೇ ಕಪ್ ಚಹಾ ಮುಗಿಸಿದ, ಲುಂಗಿ ಎತ್ತಿ ಕಟ್ಟಿದ, ಮನೆಮಂದಿಯ ಮುಂದೆ ನಿಂತು ಒಂದು ಘೋಷಣೆ ಹೊರಡಿಸಿದ.

"ಇವತ್ತಿಗೆ ಈ ಮನ್ಯಾಗ ವಿಂಡೋಸ್ ರಾಜ್ಯ ಮುಗೀತು. ಇನ್ನ ಮ್ಯಾಲ ಲಿನಕ್ಸ್."

ಮನೆಮಂದಿ ಎಂದರೆ ಇಬ್ಬರೇ. ಹೆಂಡತಿ ಶೈಲಶ್ರೀ ತನ್ನ ಎಂಬ್ರಾಯಿಡರಿ ಮಷೀನಿಗೆ ಎಣ್ಣೆ ಬಿಡುತ್ತಿದ್ದಳು. ತಾಯಿ ಕಸ್ತೂರಿಬಾಯಿ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ಆಕೆ ತಲೆಯೆತ್ತದೆ ಕೇಳಿದಳು, "ಬರೋರು ಊಟಕ್ಕ ಇರ್ತಾರೇನು? ಇದ್ರ ಇನ್ನೊಂದು ಸೇರು ಬ್ಯಾಳಿ ಹಾಕ್ತೀನಿ."

ಶಿವಕಾಂತನಿಗೆ ಮನೆಯವರ ಅಜ್ಞಾನದ ಬಗ್ಗೆ ಕನಿಕರ ಮೂಡಿತು. ಆತ ಬೀದರಿನ ಒಂದು ಪಿಯು ಕಾಲೇಜಿನಲ್ಲಿ ಕಾಮರ್ಸ್ ಲೆಕ್ಚರರ್. ದಿನಾ ಬೆಳಿಗ್ಗೆ ರೈಲಿನಲ್ಲಿ ಬೀದರಿಗೆ ಹೋಗಿ ಸಂಜೆ ಭಾಲ್ಕಿಗೆ ಬರುವ ಮನುಷ್ಯ. ಮನೆಯ ಕಂಪ್ಯೂಟರ್, 'ನಿಮ್ಮ ಹಳೆಯ ವಿಂಡೋಸ್‌ಗೆ ಇನ್ನು ಅಪ್‌ಡೇಟ್ ಬರುವುದಿಲ್ಲ, ಹೊಸದನ್ನು ಹಾಕಲು ಈ ಯಂತ್ರಕ್ಕೆ ಶಕ್ತಿಯಿಲ್ಲ' ಎಂದು ಮುಖಕ್ಕೆ ಹೊಡೆದಂತೆ ಹೇಳಿದಂದಿನಿಂದ ಆತನಿಗೆ ನೆಮ್ಮದಿ ಇರಲಿಲ್ಲ. ಹೊಸ ಕಂಪ್ಯೂಟರ್ ಕೊಳ್ಳಬೇಕೋ, ಇದ್ದದ್ದರಲ್ಲೇ ಪುಕ್ಕಟೆ ಸಿಗುವ ಲಿನಕ್ಸ್ ಹಾಕಬೇಕೋ? ಬೆಳಿಗ್ಗೆ ಬೀದರ ಸ್ಟೇಷನ್ ಮುಟ್ಟುವಷ್ಟರಲ್ಲಿ ಲಿನಕ್ಸ್ ಎಂದು ನಿಶ್ಚಯವಾಗುತ್ತಿತ್ತು. ಸಂಜೆ ಭಾಲ್ಕಿಯಲ್ಲಿ ಇಳಿಯುವಾಗ ಮತ್ತೆ ವಿಂಡೋಸ್ ಗೆದ್ದಿರುತ್ತಿತ್ತು. ತಂಗಿ ರಾಧಿಕಾಳಿಗೆ ಔರಾದಿನ ವರ ನೋಡುವಾಗ ಕೂಡ ಆತ ಇಷ್ಟು ಯೋಚಿಸಿರಲಿಲ್ಲ. ಸಹಪ್ರಯಾಣಿಕರು ಅವನನ್ನು ಕಂಡರೆ ಬೇರೆ ಡಬ್ಬಿ ಹತ್ತತೊಡಗಿದ್ದರು.

ಕೊನೆಗೆ ಗಣಿತದ ಲೆಕ್ಚರರ್ ಸಂಘಪಾಲ ತಗಾದೆ ತೀರಿಸಿದ. "ಲಿನಕ್ಸ್ ಹಾಕ್ರಿ ಸರ್, ನಾ ಹಾಕೊಂಡೀನಿ, ಮಸ್ತ್ ನಡದದ. ಆದ್ರ ಮೊದಲು ಎಲ್ಲಾ ಬ್ಯಾಕಪ್ ತಗೋರಿ. ಒಂದು ಖಾಲಿ ಪೆನ್‌ಡ್ರೈವ್ ತರ್ರಿ, ಅದರಾಗ ಹಾಕಿ ಕೊಡ್ತೀನಿ."

ಶಿವಕಾಂತನ ಪೆನ್‌ಡ್ರೈವ್‌ನಲ್ಲಿ ಪ್ರಶ್ನೆಪತ್ರಿಕೆಗಳಿದ್ದವು. ಅಂಥ ಅಮೂಲ್ಯ ವಸ್ತುವನ್ನು ಅಳಿಸುವುದುಂಟೆ? ಎಂಬ್ರಾಯಿಡರಿ ಮಷೀನಿನ ಪಕ್ಕ ದಾರದ ಡಬ್ಬಿಯಲ್ಲಿ ಒಂದು ಪೆನ್‌ಡ್ರೈವ್ ಬಿದ್ದಿತ್ತು. ಅದನ್ನೇ ಜೇಬಿಗೆ ಹಾಕಿಕೊಂಡು ಹೋಗಿ ಲಿನಕ್ಸ್ ತುಂಬಿಸಿಕೊಂಡು ಬಂದಿದ್ದ.

ಈಗ ಒಂದು ಮಾತು ಹೇಳಲೇಬೇಕು. ಆ ಕಂಪ್ಯೂಟರ್ ಶಿವಕಾಂತನದು ಎಂಬುದು ಬರೀ ಮಾತಿಗೆ. ಅದರ ಮುಂದೆ ಕೂತು ಕೆಲಸ ಮಾಡುವವಳು ಶೈಲಶ್ರೀ. ಅವಳು ಪರದೆಯ ಮೇಲೆ ಹೂಬಳ್ಳಿ ಬರೆದು, ಪೆನ್‌ಡ್ರೈವ್‌ಗೆ ಹಾಕಿ ಮಷೀನಿಗೆ ಚುಚ್ಚಿದರೆ, ಮಷೀನು ಅದೇ ಹೂಬಳ್ಳಿಯನ್ನು ರವಿಕೆಯ ಮೇಲೆ ದಾರದಲ್ಲಿ ಹೊಲಿಯುತ್ತಿತ್ತು. ಆ ದಿನಗಳಲ್ಲಿ ಅವಳು ಒಂದೇ ಡಿಸೈನಿನ ಹಿಂದೆ ಬಿದ್ದಿದ್ದಳು. ರಾಧಿಕಾಳ ಕುಬಸದ ದಿನ ಹತ್ತಿರ ಬಂದಿತ್ತು. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹೊಸ ಕುಬಸ ಎಂದರೆ ರವಿಕೆ ಒಯ್ದು ಉಡಿ ತುಂಬುವ ಶಾಸ್ತ್ರ ಅದು. ಬಹಳ ವರ್ಷ ಹರಕೆ ಹೊತ್ತು, ಡಾಕ್ಟರರ ಬಾಗಿಲು ಕಾದು, ರಾಧಿಕಾ ಈಗ ಬಸುರಿಯಾಗಿದ್ದಳು. ಕಸ್ತೂರಿಬಾಯಿಯ ಕುಬಸದ ಮೇಲೆ ಅವಳ ತಾಯಿ ಹಾಕಿಕೊಟ್ಟ ಕಸೂತಿ ಇತ್ತಂತೆ: ಬೆನ್ನ ಮೇಲೆ ತೊಟ್ಟಿಲು, ಅದರ ಆಚೀಚೆ ಗಿಳಿ, ತೋಳಿಗೆ ಜೋಳದ ತೆನೆ. ಆ ಅರಿವೆ ಎಂದೋ ಹರಿದು ಹೋಗಿತ್ತು. ಅತ್ತೆ ನೆನಪು ಮಾಡಿ ಮಾಡಿ ಹೇಳಿದ್ದನ್ನು ಸೊಸೆ ಒಂದೊಂದೇ ಗೆರೆಯಾಗಿ ಕಂಪ್ಯೂಟರಿನಲ್ಲಿ ಕೂರಿಸಿದ್ದಳು.

ಹಾಗಾಗಿ ಘೋಷಣೆಯ ನಂತರ ಶೈಲಶ್ರೀ ಎಣ್ಣೆಯ ಡಬ್ಬಿ ಕೆಳಗಿಟ್ಟು ಕೇಳಿದಳು, "ರೀ, ನನ್ನ ಡಿಸೈನ್ ಅದರಾಗ ನಡೀತಾವೇನ್ರಿ?"

"ನಡ್ಯೋದೇನು, ಓಡ್ತಾವ."

"ಕುಬಸದ್ದು ಅದರಾಗೇ ಅದರಿ. ಜರಾ ಜ್ವಾಕಿ."

"ಶೈಲಾ, ನಾ ಬ್ಯಾಕಪ್ ತಗೊಂಡೀನಿ. ನೀ ಚಿಂತಿ ಬಿಡು."

ಬ್ಯಾಕಪ್ ತೆಗೆದುಕೊಂಡದ್ದು ಸುಳ್ಳಲ್ಲ. ಪರದೆಯ ಮೇಲೆ ಕಾಣುವ ಎಲ್ಲ ಚಿಕ್ಕ ಚಿತ್ರಗಳನ್ನೂ ಒಂದೂ ಬಿಡದೆ ತನ್ನ ಪ್ರಶ್ನೆಪತ್ರಿಕೆಗಳ ಪಕ್ಕದಲ್ಲಿ ತುಂಬಿಕೊಂಡಿದ್ದ. 'ರಾಧಿಕಾ ಕುಬಸ' ಎಂಬ ಚಿತ್ರವೂ ಬಂದಿತ್ತು. ಎಲ್ಲ ಸೇರಿ ಕಣ್ಣು ಮಿಟುಕಿಸುವುದರೊಳಗೆ ನಕಲಾಗಿದ್ದವು. ಇಷ್ಟು ಬೇಗ ಹೇಗೆ ಮುಗಿಯಿತು ಎಂದು ಬೇರೆಯವನಾದರೆ ಯೋಚಿಸುತ್ತಿದ್ದ. ಶಿವಕಾಂತ ತನ್ನ ಕೈಚಳಕ ಎಂದುಕೊಂಡ.

ಶೈಲಶ್ರೀ ದಾರ ತರಲು ಪಕ್ಕದ ಮನೆಯ ಫಕ್ರುನ್ನಿಸಾಳ ಹತ್ತಿರ ಹೋದಳು. ಬ್ಲೌಸ್ ಹೊಲಿಯುವ ಫಕ್ರುನ್ನಿಸಾ ಅವಳ ಕೆಲಸದ ಜೊತೆಗಾತಿ. ಇತ್ತ ಶಿವಕಾಂತ ಪೆನ್‌ಡ್ರೈವ್ ಚುಚ್ಚಿ ಕೂತ. ಲಿನಕ್ಸ್ ಬಹಳ ಸಭ್ಯವಾಗಿಯೇ ಕೇಳಿತು: ಹಳೆಯದರ ಪಕ್ಕದಲ್ಲಿ ಇರಲೇ, ಇಲ್ಲವೇ ಎಲ್ಲ ಅಳಿಸಿ ಹೊಸದಾಗಿ ಬರಲೇ? ಅಳಿಸಿದರೆ ಮರಳಿ ಸಿಗದು ಎಂಬ ಎಚ್ಚರಿಕೆಯೂ ಕೆಂಪಕ್ಷರದಲ್ಲಿತ್ತು.

"ಒಂದು ಮನಿ, ಒಂದೇ ದರ್ಬಾರ" ಎಂದು ಗಟ್ಟಿಯಾಗಿ ಹೇಳಿ ಆತ ಎಲ್ಲ ಅಳಿಸುವ ಗುಂಡಿ ಒತ್ತಿದ.

ಅರ್ಧ ತಾಸಿನಲ್ಲಿ ಪರದೆ ಚೊಕ್ಕವಾಗಿ ಬೆಳಗಿತು. ಶಿವಕಾಂತ ಬ್ಯಾಕಪ್ಪಿನ 'ರಾಧಿಕಾ ಕುಬಸ' ಒತ್ತಿದ. ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದ. ಎಡಗೈಯಲ್ಲಿ ಒತ್ತಿದ. ಷಣ್ಮುಖನನ್ನು ನೆನೆದು ಒತ್ತಿದ. ಉಳಿದ ಚಿತ್ರಗಳೂ ಹಾಗೆಯೇ ಸುಮ್ಮನೆ ಕೂತಿದ್ದವು. ಆಗ ಮಷೀನಿನ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇದ್ದೇ ಇರುತ್ತದೆ ಎಂದು ಹೊಳೆದು ಜೀವ ಬಂತು. ದಾರದ ಡಬ್ಬಿಗೆ ಕೈ ಹಾಕಿದ. ಡಬ್ಬಿ ಖಾಲಿ. ಆ ಪೆನ್‌ಡ್ರೈವ್ ಯಾವುದು, ಎಲ್ಲಿ ಚುಚ್ಚಿಕೊಂಡಿದೆ, ಅದರಲ್ಲಿದ್ದದ್ದನ್ನು ಅಳಿಸಿ ಈಗ ಏನು ತುಂಬಿದೆ ಎಂಬುದೆಲ್ಲ ಒಟ್ಟಿಗೆ ನೆನಪಾಗಿ ಆತ ಡಬ್ಬಿಯ ಮುಚ್ಚಳ ಮೆಲ್ಲಗೆ ಮುಚ್ಚಿದ.

ಅಷ್ಟರಲ್ಲಿ ಹಸಿರು ದಾರದ ಉಂಡೆ ಹಿಡಿದು ಶೈಲಶ್ರೀ ಬಂದಳು. "ಆಯ್ತೇನ್ರಿ?"

ಖರೆ ಹೇಳಲು ಶಿವಕಾಂತ ಬಾಯಿ ತೆರೆದ. ಬಾಯಿ ತಾನೇ ಬೇರೆ ದಾರಿ ಹಿಡಿಯಿತು.

"ಆಯ್ತು. ಬರೇ ಅಪ್‌ಡೇಟ್ ನಡದದ."

ಇಲ್ಲಿಂದ ಶುರುವಾಯಿತು ನೋಡಿ ಅವನ ಫಜೀತಿ. ಪರದೆಯ ಮೇಲೆ ಕರಿಯ ಚೌಕಟ್ಟಿನಲ್ಲಿ ಬಿಳಿ ಅಕ್ಷರಗಳು ಸುಮ್ಮನೆ ಓಡುತ್ತಿರುವಂತೆ ಮಾಡುವ ಒಂದು ಉಪಾಯವನ್ನು ಫೋನಿನಲ್ಲಿ ಹುಡುಕಿದ. ಕಾಲೇಜಿಗೆ ಹೊರಡುವ ಮುಂಚೆ ಅದನ್ನು ಚಾಲೂ ಮಾಡಿ, "ಯಾರೂ ಮುಟ್ಟಬ್ಯಾಡ್ರಿ, ಅಪ್‌ಡೇಟ್ ನಡದದ" ಎಂದು ಹೇಳಿ ಹೋಗುತ್ತಿದ್ದ. ಅಕ್ಷರಗಳು ಸಂಜೆಯವರೆಗೂ ಓಡುತ್ತಿದ್ದವು, ಎಲ್ಲಿಗೂ ಮುಟ್ಟುತ್ತಿರಲಿಲ್ಲ.

"ಪಾಪ, ಭಾಳ ದಣೀಲಕತ್ತದ" ಎಂದು ಕಸ್ತೂರಿಬಾಯಿ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಪರದೆಯ ಹಣೆಗೆ ವಿಭೂತಿ ಹಚ್ಚಿದಳು.

ಶೈಲಶ್ರೀ ಮಾತ್ರ ದಿನಾ ಸಂಜೆ ಚಹಾ ಕೊಡುವಾಗ ಒಂದೇ ಮಾತು ಕೇಳುತ್ತಿದ್ದಳು. "ಕುಬಸದ್ದು ಅದನಲ್ರಿ?"

"ಅದ. ಅಪ್‌ಡೇಟ್ ಆದ ಮ್ಯಾಲ ಕಾಣ್ತದ."

ಅವಳು ಒಂದು ಗಳಿಗೆ ಅವನ ಮುಖ ನೋಡುತ್ತಿದ್ದಳು. ಆಮೇಲೆ "ಆಗ್ಲಿ ಬಿಡ್ರಿ" ಎಂದು ಒಳಗೆ ಹೋಗುತ್ತಿದ್ದಳು. ಅವಳು ಬೈದಿದ್ದರೆ, ಪಾತ್ರೆ ಕುಕ್ಕಿದ್ದರೆ, ಶಿವಕಾಂತನಿಗೆ ಎಷ್ಟೋ ಹಗುರಾಗುತ್ತಿತ್ತು. ಆ ನೋಟ ಕಂಡು ಅರ್ಧ ಚಹಾ ಕಪ್ಪಿನಲ್ಲೇ ಉಳಿಯುತ್ತಿತ್ತು. ತಂಗಿಯ ಫೋನ್ ಬಂದರೆ ಎತ್ತಲು ಹೆದರಿಕೆಯಾಗುತ್ತಿತ್ತು. "ಅಣ್ಣಾ, ಶೈಲಾ ವೈನಿ ನನ್ನ ಕುಬಸದ ಮ್ಯಾಲ ತೊಟ್ಟಿಲ ಹಾಕಲಕತ್ತಾರಂತ ಹೌದಾ?" ಎಂದು ಅವಳು ಕೇಳಿದ ದಿನ ಆತ ರಾಂಗ್ ನಂಬರ್ ಎಂದು ಫೋನ್ ಇಟ್ಟುಬಿಟ್ಟ. ಸ್ವಂತ ತಂಗಿಗೆ.

ಕಡೆಗೆ ಹಾರ್ಡ್ ಡಿಸ್ಕ್ ಬಿಚ್ಚಿ, ಒಂದು ಟವೆಲಿನಲ್ಲಿ ಸುತ್ತಿ, ಬುತ್ತಿಯ ಚೀಲದಲ್ಲಿಟ್ಟುಕೊಂಡು ಬೀದರಿಗೆ ಹೊರಟ. ಪರದೆ ಕಪ್ಪಾಗಿದ್ದನ್ನು ಕಂಡು ತಾಯಿ ಕೇಳಿದಳು, "ಯಾಕೋ, ಜೀವ ಬಿಡ್ತೇನು?"

"ಇಲ್ಲವ್ವ, ಇದು ಕೊನೀ ಹಂತ. ಈಗ ಅಪ್‌ಡೇಟ್ ಒಳಗಿಂದೊಳಗ ನಡದದ."

ಅಲ್ಲಿ ಚೌಬಾರಾ ಗೋಪುರದ ಹತ್ತಿರ ಹಬೀಬನ ಕಂಪ್ಯೂಟರ್ ದುಕಾನ. ಹಬೀಬ ಮೊದಲು ಬ್ಯಾಕಪ್ಪಿನ ಪೆನ್‌ಡ್ರೈವ್ ನೋಡಿದ, ಆಮೇಲೆ ಶಿವಕಾಂತನನ್ನು ನೋಡಿದ, ಮತ್ತೆ ಪೆನ್‌ಡ್ರೈವ್ ನೋಡಿದ.

"ಸರ್, ಇವು ಬರೇ ಶಾರ್ಟ್‌ಕಟ್ ಅವ. ಮಾಲ್ ಇಲ್ಲ. ನೀವು ಮನಿ ಬಾಗಲ ಮ್ಯಾಲಿನ ಹೆಸರಿನ ಬೋರ್ಡ್ ಜ್ವಾಕಿಯಿಂದ ತಗದಿಟ್ಟುಕೊಂಡು ಮನಿ ಕೆಡವೀರಿ."

"ಹಾರ್ಡ್ ಡಿಸ್ಕಿನಾಗ ಏನರ ಸಿಗಬಹುದೇನು ಹಬೀಬಭಾಯಿ? ನಮ್ಮ ತಂಗಿ ಕುಬಸ ಅದ."

ಹಬೀಬ ಒಳ್ಳೆಯ ಮನುಷ್ಯ. ಡಿಸ್ಕನ್ನು ಇಟ್ಟುಕೊಂಡು ಪ್ರಯತ್ನ ಮಾಡಿದ. ಮರುದಿನ ಹೋದರೆ ರಾಶಿ ರಾಶಿ ಫೈಲು ವಾಪಸ್ ಬಂದಿದ್ದವು. ಹಳೆಯ ಪ್ರಶ್ನೆಪತ್ರಿಕೆಗಳು ಬಂದಿದ್ದವು. ಬೀದರ ಕೋಟೆಯ ಮುಂದೆ, ಅಷ್ಟೂರಿನ ಗುಮ್ಮಟಗಳ ಮುಂದೆ ಶಿವಕಾಂತ ತಾನೇ ತೆಗೆದುಕೊಂಡ ತನ್ನ ಫೋಟೋಗಳು ಬಂದಿದ್ದವು. ಗಿಳಿ, ತೊಟ್ಟಿಲು, ತೆನೆ ಮಾತ್ರ ಬಂದಿರಲಿಲ್ಲ. ಪರದೆಯ ಮೇಲೆ ಸಾಲಾಗಿ ನಗುತ್ತಿದ್ದ ತನ್ನದೇ ಮುಖಗಳನ್ನು ನೋಡಿ ಶಿವಕಾಂತನಿಗೆ ಜೀವನದಲ್ಲಿ ಮೊದಲ ಬಾರಿ ಆ ಮುಖ ಸೇರಲಿಲ್ಲ.

ಇವತ್ತು ಹೇಳಿಯೇ ಬಿಡುತ್ತೇನೆ ಎಂದು ರೈಲಿನಲ್ಲಿ ಹಲಬರ್ಗಾ ಸ್ಟೇಷನ್ ದಾಟುವಾಗ ಗಟ್ಟಿ ಮನಸ್ಸು ಮಾಡಿದ. ಮನೆಗೆ ಬಂದರೆ ಶೈಲಶ್ರೀಯ ಬೆರಳಿಗೆ ಪಟ್ಟಿ ಸುತ್ತಿತ್ತು.

"ಬೆರಳಿಗೇನಾಯ್ತು?"

"ಉಳ್ಳಾಗಡ್ಡಿ ಹೆಚ್ಚೋ ಮುಂದ ಕೊಯ್ಕೊಂಡೀನಿ. ನಿಮ್ಮ ಅಪ್‌ಡೇಟ್ ಎಲ್ಲಿಗಿ ಬಂತು?"

"ಬಂತು, ಇನ್ನೇನು ಮುಗೀತದ" ಎಂದ ಶಿವಕಾಂತ. ಹಲಬರ್ಗಾದಲ್ಲಿ ಮಾಡಿದ ಗಟ್ಟಿ ಮನಸ್ಸು ಬಹುಶಃ ಅಲ್ಲಿಯೇ ಇಳಿದುಕೊಂಡಿತ್ತು.

ಕುಬಸದ ದಿನ ಜೀಪಿನಲ್ಲಿ ಹೋಳಿಗೆ, ಕಡಬು, ಹಸಿರು ಬಳೆ, ಸೀರೆ ಎಲ್ಲ ತುಂಬಿಕೊಂಡು ಔರಾದಿಗೆ ಹೊರಟರು. ಶೈಲಶ್ರೀಯ ತೊಡೆಯ ಮೇಲೊಂದು ಗಂಟು. ಅದರಲ್ಲಿ ಅಂಗಡಿಯ ಸಾದಾ ಕುಬಸ ಇರಬಹುದೆಂದು ಶಿವಕಾಂತ ಲೆಕ್ಕ ಹಾಕಿದ. ಬೀಗರ ಮುಂದೆ ಏನು ಹೇಳುವುದು? ದಾರಿಯುದ್ದಕ್ಕೂ ಆತ ಕಿಟಕಿಯ ಹೊರಗೇ ನೋಡುತ್ತ ಕೂತ.

ರಾಧಿಕಾಳ ಮಾವ ಹಾವಗೆಪ್ಪನವರ ಪಡಸಾಲೆಯ ತುಂಬ ಜನ. ಉಡಿ ತುಂಬುವ ಹೊತ್ತಿಗೆ ಶೈಲಶ್ರೀ ಗಂಟು ಬಿಚ್ಚಿದಳು. ಹಸಿರು ಕುಬಸದ ಬೆನ್ನ ಮೇಲೆ ತೊಟ್ಟಿಲಿತ್ತು. ಆಚೀಚೆ ಗಿಳಿಗಳಿದ್ದವು. ತೋಳಿನ ತುಂಬ ಜೋಳದ ತೆನೆ. ರಾಧಿಕಾ ಅದನ್ನು ಕೆನ್ನೆಗೆ ಒತ್ತಿಕೊಂಡು ಅತ್ತೇಬಿಟ್ಟಳು.

ಶಿವಕಾಂತನಿಗೆ ಹೋದ ಜೀವ ಬಂತು. ಡಿಸೈನ್ ಮಷೀನಿನ ಹೊಟ್ಟೆಯಲ್ಲೇ ಎಲ್ಲೋ ಉಳಿದಿತ್ತು, ತಾನು ಸುಮ್ಮನೆ ಸಂಕಟಪಟ್ಟೆ ಎಂದುಕೊಂಡ. ಅಲ್ಲಿಗೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಹಾವಗೆಪ್ಪನವರು, "ಶಿವಕಾಂತಪ್ಪಾ, ಕೆಲಸ ಭಾಳ ನಾಜೂಕ್ ಅದಲ್ಲ" ಎಂದರು. ಆತ ಕಾಲರ್ ಸರಿಮಾಡಿಕೊಂಡ.

"ನಾ ಹೊಸ ಸಿಸ್ಟಮ್ ಹಾಕೀನಿ ನೋಡ್ರಿ ಕಾಕಾ. ಹಿಂದಿನದಾದ್ರ ಇಷ್ಟು ಸಾಫ್ ಬರ್ತಿರಲಿಲ್ಲ."

ಗಂಡಸರು ಹೌದು ಹೌದು ಎಂದು ತಲೆಯಾಡಿಸಿದರು. ಶೈಲಶ್ರೀ ತಲೆಯೆತ್ತಿ ಗಂಡನನ್ನು ನೋಡಿದಳು. ಚಹಾ ಕೊಡುವಾಗಿನ ಅದೇ ನೋಟ.

ಆರತಿಯಾದ ಮೇಲೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಒಡಪು ಕಟ್ಟಿ ಹೇಳುವುದು ಅಲ್ಲಿಯ ರೂಢಿ. ಪ್ರಾಸ ಕೂಡಿಸಿ ಎರಡು ಸಾಲು, ಎರಡನೆಯದರ ಕೊನೆಗೆ ಹೆಸರು. ರಾಧಿಕಾ ನಾಚುತ್ತ ಹೇಳಿದಳು. ಅವಳ ಓರಗಿತ್ತಿ ಹೇಳಿದಳು. ಆಮೇಲೆ ಎಲ್ಲರೂ ಶೈಲಶ್ರೀಯನ್ನು ಹಿಡಿದರು. ಅವಳು ಸೆರಗು ಸರಿಮಾಡಿಕೊಂಡು, ಪಟ್ಟಿ ಸುತ್ತಿದ ಬೆರಳು ಎಲ್ಲರಿಗೂ ಕಾಣುವಂತೆ ಕೈ ಮುಂದೆ ಹಿಡಿದು, ನಿಧಾನವಾಗಿ ಹೇಳಿದಳು:

"ಡಿಸೈನ್ ಎಲ್ಲಾ ಅಳಸಿದ್ರು, ಸೂಜೀಲೆ ಹೊಲದೀನಿ ನಾ ಕುಂತ ಕುಂತ,
ಕೇಳಿದ್ರ ಇನ್ನೂ ಅಪ್‌ಡೇಟ್ ನಡದದ ಅಂತಾರ ನಮ್ಮ ಶಿವಕಾಂತ."

ಪಡಸಾಲೆ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಕಸ್ತೂರಿಬಾಯಿ. ಗಿಳಿಯ ಕೊಕ್ಕು ಎತ್ತ ತಿರುಗಬೇಕೆಂದು ದಿನಾ ಮಧ್ಯಾಹ್ನ ಫಕ್ರುನ್ನಿಸಾಳ ಮನೆಯಲ್ಲಿ ಕೂತು ಸೊಸೆಗೆ ತೋರಿಸಿಕೊಟ್ಟವಳು ಅವಳೇ. ದಾರದ ಡಬ್ಬಿಯಲ್ಲಿ ಪೆನ್‌ಡ್ರೈವ್ ಇಲ್ಲದ್ದು ಕಂಡಾಗಲೇ ಅತ್ತೆ ಸೊಸೆ ಇಬ್ಬರಿಗೂ ಗುಟ್ಟು ತಿಳಿದಿತ್ತು, ಪರದೆಗೆ ವಿಭೂತಿ ಹಚ್ಚಿದ್ದೂ ಎಲ್ಲ ಗೊತ್ತಿದ್ದೇ. ಶಿವಕಾಂತ ಕುಬಸದ ಕಡೆ ನೋಡಿದ. ಒಂದು ಗಿಳಿಯ ರೆಕ್ಕೆ ಇನ್ನೊಂದರದಕ್ಕಿಂತ ಚೂರು ಗಿಡ್ಡವಾಗಿತ್ತು. ಮಷೀನು ಹಾಗೆ ಹೊಲಿಯುವುದಿಲ್ಲ. ಆತನಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಹಾವಗೆಪ್ಪನವರು ಕಣ್ಣೊರೆಸಿಕೊಂಡು ಕೇಳಿದರು, "ಏನಪಾ ಶಿವಕಾಂತಪ್ಪಾ, ಏನದು ಅಪ್‌ಡೇಟ್?"

ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಹೆಂಡತಿಯ ಬೆರಳು ಕಂಡು ಅದು ಹಿಂದೆ ಸರಿಯಿತು.

"ಅಪ್‌ಡೇಟ್ ಏನಿಲ್ರಿ ಕಾಕಾ" ಎಂದ ಶಿವಕಾಂತ, ನೆಲ ನೋಡುತ್ತ. "ಅಕೀ ಮಾಡಿದ್ದೆಲ್ಲಾ ನಾನೇ ಅಳಿಸಿದೆ. ಹೇಳಾಕ ನಾಚ್ಕಿ ಬಂತು. ದಿನಾ ಸುಳ್ಳು ಹೇಳಿದೆ. ಸಿಸ್ಟಮ್ ಸುದ್ದಿ ಈಗ ಹೇಳಿದ್ದೂ ಸುಳ್ಳ ಅದರಿ."

ಶೈಲಶ್ರೀ ರಾಧಿಕಾಳ ಉಡಿಯಲ್ಲಿ ಉಳಿದಿದ್ದ ಕಡಬು ಸರಿಪಡಿಸುತ್ತ, ಯಾರ ಕಡೆಗೂ ನೋಡದೆ ಹೇಳಿದಳು.

"ಮುಗೀತು ನೋಡ್ರಿ ಈಗ ಅಪ್‌ಡೇಟ್."