ಬೀಗ ಎಳೆದು ನೋಡುವ ಮಾವ

ನಮ್ಮ ಸೋದರಮಾವ ಕಳ್ಳರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ, ಏಕೆಂದರೆ ಹೊಸಬರಿಗೆಲ್ಲ ಆ ಅನುಮಾನ ಬಂದೇ ಬರುತ್ತಿತ್ತು! ಎಲ್ಲಿ ಬೀಗ ಕಂಡರೂ ಅವರು ಒಮ್ಮೆ ಎಳೆದು ನೋಡಲೇಬೇಕು. ನಮ್ಮಣ್ಣನಿಗೆ ಹೆಣ್ಣು ನೋಡಲು ಕುಣಿಗಲ್ಲಿಗೆ ಹೋದಾಗ ನಾವೆಲ್ಲ ಕೇಸರಿಬಾತು ತಿನ್ನುತ್ತಿದ್ದರೆ, ಮಾವ ಹೆಣ್ಣಿನ ಮನೆಯವರ ಬೀರು ತೆಗೆದು ನಿಂತಿದ್ದರು.

"ಸ್ವಾಮಿ, ನಿಮ್ ಬೀರು ಬರೀ ಹೇರ್‌ಪಿನ್ನಿಗೆ ಬಾಯಿ ಬಿಡ್ತದಲ್ಲ!"

ಸಂಬಂಧ ಅಲ್ಲಿಗೇ ಮುರಿಯಿತು. ಬೀಗ ಮಾತ್ರ ಮರುದಿನವೇ ಬದಲಾಯಿಸಿದರಂತೆ.

ಇಂಥವರು ಗುಮಾಸ್ತರಾಗಿದ್ದ ಗುಬ್ಬಿಯ ಸರ್ಕಾರಿ ಕಚೇರಿಗೆ ಕಂಪ್ಯೂಟರ್ ಬಂದರೆ ಸುಮ್ಮನಿರುತ್ತಾರೆಯೇ? ಖರೀದಿ ಕಾಯ್ದೆಯ ಪ್ರಕಾರವೇ ಟೆಂಡರ್ ಕರೆದು, ಕಡಿಮೆ ರೇಟು ಹಾಕಿದವನಿಂದ ಕೊಂಡ ಯಂತ್ರ ಅದು. ಪೂಜೆಯ ದಿನ ಕಂಪನಿಯವನು, "ಇದರೊಳಕ್ಕೆ ನೊಣಾನೂ ಹೋಗಲ್ಲ ಸಾರ್" ಎಂದ. ಮಾವ ಕುರ್ಚಿ ಎಳೆದುಕೊಂಡು ಪಾಸ್‌ವರ್ಡ್ ಜಾಗದಲ್ಲಿ ಊರಿನ ಹೆಸರು ಒತ್ತಿದರು. ಇಡೀ ತಾಲ್ಲೂಕಿನ ಪಹಣಿ ತೆರೆದುಕೊಂಡಿತು!

ಸಾಹೇಬರಿಗೆ ಸಿಟ್ಟು ಬಂದದ್ದು ಕಂಪನಿಯವನ ಮೇಲಲ್ಲ, ಮಾವನ ಮೇಲೆ. ಅನುಮತಿಯಿಲ್ಲದೆ ಕಂಪ್ಯೂಟರಿನ ಒಳಹೊಕ್ಕರೆ ಅಪರಾಧ ಎಂದು ಇನ್ನೊಂದು ಕಾಯ್ದೆಯಿತ್ತಲ್ಲ! ಕದಿಯಲು ಹೋದವನಿಗೂ ಬಾಗಿಲು ಭದ್ರವೇ ಎಂದು ನೋಡಿದವನಿಗೂ ಅದರಲ್ಲಿ ಸಾಹೇಬರಿಗೆ ವ್ಯತ್ಯಾಸವೇ ಕಾಣಲಿಲ್ಲ. ಯಾಕೆ ಸಸ್ಪೆಂಡ್ ಮಾಡಬಾರದು ಎಂದು ನೋಟಿಸ್ ಬಂತು. "ತಪ್ಪಾಯ್ತು, ಇನ್ಮೇಲೆ ಏನೂ ಪರೀಕ್ಷೆ ಮಾಡಲ್ಲ ಅಂತ ಬರ್ಕೊಟ್ಬುಡಿ" ಎಂದರು ಜೊತೆಯವರು. ಪಾಸ್‌ವರ್ಡ್ ಹಾಗೇ ಇತ್ತು.

ಆ ಭಾನುವಾರ ಮಾವ ತುಮಕೂರಿನ ನಮ್ಮ ಮನೆಗೆ ಬಂದರು. ಸಂಜೆ ಎಲ್ಲರೂ ಮಾರ್ಕೆಟ್ಟಿಗೆ ಹೊರಟೆವು. ಅಮ್ಮ ಬೀಗ ಹಾಕಿದರು. ಮಾವ ಅದರ ಕಡೆ ತಿರುಗಿಯೂ ನೋಡದೆ ಗೇಟು ದಾಟಿದರು.

"ಅಣ್ಣ, ಒಂದ್ಸಲ ಎಳ್ದು ನೋಡು" ಎಂದರು ಅಮ್ಮ.

"ಬುಡಮ್ಮ, ನಂಗ್ಯಾಕೆ ಬೇಕು ಅವೆಲ್ಲ."

"ನೋಡು ಅಂತೀನಿ."

ಒಲ್ಲದ ಮನಸ್ಸಿನಿಂದ ಎಳೆದರು. ಬೀಗ ಕೈಗೇ ಬಂತು!

"ಏನಮ್ಮ ಇದು? ನಾನಿಲ್ದಿದ್ರೆ ಮನೆ ಗುಡಿಸ್ಕೊಂಡ್ ಹೋಗಿರೋರು!" ಮಾರ್ಕೆಟ್ ಬರುವವರೆಗೂ ಅಮ್ಮನಿಗೆ ಬೈಗುಳ. ಮುಖ ಮಾತ್ರ ಅರಳಿತ್ತು.

ಮರುದಿನ ನೋಟಿಸಿಗೆ ಉತ್ತರ ಬರೆದರು: ತೆರೆದದ್ದು ನಿಜ, ಪಾಸ್‌ವರ್ಡ್ ಬದಲಾಯಿಸದಿದ್ದರೆ ಮತ್ತೆ ತೆರೆದು ತೋರಿಸುತ್ತೇನೆ. ಕೆಲಸ ಉಳಿಯಿತು. ಕಂಪ್ಯೂಟರೇ ಇಲ್ಲದ ಕುಣಿಗಲ್ಲಿನ ವಿಭಾಗಕ್ಕೆ ಎತ್ತಿಹಾಕಿದರು. ಪಾಸ್‌ವರ್ಡೂ ಬದಲಾಯಿತು.

ಅಮ್ಮ ಬೀಗದ ವಿಷಯದಲ್ಲಿ ಎಂದೂ ತಪ್ಪಿದವರಲ್ಲ. ಅವತ್ತು ಅದನ್ನು ಒತ್ತದೆ ಸುಮ್ಮನೆ ಸಿಕ್ಕಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಮಾರ್ಕೆಟ್ಟಿನಿಂದ ಬಂದ ಮೇಲೆ, ಮಾವ ಹತ್ತಿರ ಇಲ್ಲದಾಗ ಅಮ್ಮನನ್ನೇ ಕೇಳಿದೆ.

"ಅವ್ನಿಗೆ ಹೇಳ್ಬೇಡ ಕಣೋ" ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಾವ ಇಂದಿಗೂ ನಮ್ಮ ಬೀಗದ ಕಥೆಯನ್ನು ಎಲ್ಲರಿಗೂ ಹೇಳುತ್ತಾರೆ. ನಾನು ಪಕ್ಕದಲ್ಲಿ ಕೂತು ಹೂಂಗುಟ್ಟುತ್ತೇನೆ.