ಒಲೆ ಹಚ್ಚಬೇಡಿ

ನಮ್ಮ ಸೋದರತ್ತೆ ಬಾಯಿ ತೆರೆದರೆ ಆಜ್ಞೆ, ಮುಚ್ಚಿದರೆ ಮುನಿಸು. ಮೂರನೆಯ ಸ್ಥಿತಿಯಲ್ಲಿ ಅವರನ್ನು ಕಂಡವರು ಹುಣಸೂರು ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ!

ಕಟ್ಟೆಮಳಲವಾಡಿಯ ಪಕ್ಕ ಅವರ ರಾಗಿ ಹೊಲವಿತ್ತು. ಈಗ ಅದು ಬಡಾವಣೆ. ದಿನಾ ಮೈಸೂರಿಗೆ ಕೆಲಸಕ್ಕೆ ಓಡಾಡುವ ಹತ್ತು ಸಂಸಾರಗಳು ಅಲ್ಲಿ ಮನೆ ಕಟ್ಟಿಕೊಂಡಿವೆ. ಅತ್ತೆಯ ಕಣ್ಣಿಗೆ ಮಾತ್ರ ಅದು ಇನ್ನೂ ಹೊಲವೇ. ವಿಳಾಸ ಕೇಳಿದ ಕೊರಿಯರ್‌ನವನಿಗೆ "ಅವರೆ ಸಾಲು ದಾಟಿ ಓಗಪ್ಪ, ಜೋಳದ ಸಾಲಲ್ಲಿ ಮೂರ್ನೇ ಮನೆ" ಎಂದು ದಾರಿ ತೋರಿದ್ದರು. ಪಾಪ, ಆತ ಈಗ ಫೋನ್ ಮಾಡಿಕೊಂಡೇ ಬರುತ್ತಾನೆ.

ಮೊನ್ನೆ ಭಾನುವಾರ ಮೊಮ್ಮಗನ ಬೀಗರೂಟ. ಹತ್ತೂ ಮನೆಯನ್ನು ಕರೆಯಲು ಹಿಂದಿನ ದಿನ ಅತ್ತೆ ತಾವೇ ಹೊರಟರು. ಗೇಟಿನ ಮುಂದೆ ನಿಂತು "ನಾಳೆ ನಿಮ್ಮನೇಲಿ ಒಲೆ ಅಚ್ಬೇಡಿ ಕಣ್ರವ್ವ" ಎಂದವರೇ ಮುಂದಿನ ಮನೆಗೆ. ನಮ್ಮ ಕಡೆ ಕರೆಯುವುದೆಂದರೆ ಅಷ್ಟೇ. ಅದರ ಮೇಲೂ ಊಟಕ್ಕೆ ಬನ್ನಿ ಎಂದರೆ ಎದುರಿಗಿದ್ದವರನ್ನು ದಡ್ಡರೆಂದು ತಿಳಿದಂತಲ್ಲವೇ?

ಮರುದಿನ ಶಾಮಿಯಾನದಲ್ಲಿ ಎರಡು ಪಂಕ್ತಿ ಎದ್ದರೂ ಬಡಾವಣೆಯವರ ಸುಳಿವಿಲ್ಲ. ಅತ್ತೆ ಊಟ ಮಾಡಿರಲಿಲ್ಲ. ತಮ್ಮ ಹೊಲಕ್ಕೆ ಬಂದವರು ತಮ್ಮವರಾಗುತ್ತಾರೋ ಇಲ್ಲವೋ ಎನ್ನುವುದು ಅವರಿಗೆ ಅವತ್ತು ಗೊತ್ತಾಗಬೇಕಿತ್ತು. "ಪ್ಯಾಟೆಯೋರು ಕಣ್ಲಾ. ನಮ್ಮನೇಲಿ ಉಂಡಾರಾ? ಬುಡು" ಎಂದರು. ಕಣ್ಣು ಮಾತ್ರ ರಸ್ತೆ ಬಿಡಲಿಲ್ಲ.

ನೋಡಲಾಗದೆ ನಾನೇ ಹೋದೆ. ಮೊದಲ ಮನೆಯಲ್ಲಿ ಗಂಡ ಹೆಂಡತಿ ಬಾಡಿದ ಮುಖದಲ್ಲಿ ಬ್ರೆಡ್ ತಿನ್ನುತ್ತಿದ್ದರು.

"ಅಜ್ಜಿ ಒಲೆ ಹಚ್ಬೇಡಿ ಅಂದಿದ್ರಲ್ಲ ಸಾರ್. ಊರಮ್ಮನ ಕಟ್ಟಳೆ ಇರ್ಬೇಕು ಅಂತ ಕಾಫಿನೂ ಕಾಯಿಸಿಲ್ಲ. ಸಂಜೆಗಾದ್ರೂ ಹಚ್ಬಹುದಾ?"

ಎರಡನೆಯ ಮನೆಯಲ್ಲಿ ಬಾಳೆಹಣ್ಣು. ಮೂರನೆಯವರು ಇನ್ನೂ ಭಕ್ತರು, ಗೀಸರ್ ಕೂಡ ಹಾಕದೆ ತಣ್ಣೀರು ಸ್ನಾನ ಮಾಡಿದ್ದರು! ಹತ್ತೂ ಮನೆಯವರನ್ನು ಎಬ್ಬಿಸಿಕೊಂಡು ಬಂದು ಕಥೆ ಹೇಳಿದೆ. ಶಾಮಿಯಾನವೇ ಬಿದ್ದು ಬಿದ್ದು ನಕ್ಕಿತು.

ಅತ್ತೆ ನಗಲಿಲ್ಲ. ಪ್ರತಿಯೊಬ್ಬರ ಎಲೆಗೂ ತಾವೇ ಮುದ್ದೆ ಇಟ್ಟು, ಸಾರು ಬಿಟ್ಟು, ಕೊನೆಗೆ ಅವರ ಸಾಲಿನಲ್ಲೇ ಕೂತರು. ತುತ್ತು ಮುರಿದವರು ಬಾಯಿಗಿಡಲಾರದೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

"ಜಮೀನ್ ಮಾರ್ಬೇಡ್ರಪ್ಪ ಅಂತ ಬಡ್ಕಂಡೆ, ನನ್ ಮಕ್ಳೇ ಕೇಳ್ನಿಲ್ಲ. ಇವ್ರು ನೋಡ್ಲಾ, ನಾನೊಂದ್ ಮಾತ್ ಅಂದೆ ಅಂತ ಅಸ್ಕಂಡ್ ಕೂತವ್ರೆ."