ಹುಕ್ಕಿನ ನಿಯಮ, ಅಕ್ಕಿಯ ಚೀಲ

ಚಂದ್ರಶೇಖರ್ ಮೇಷ್ಟ್ರ ಬೈಕು ತಯಾರಾದದ್ದೇ ಹಿಮಾಲಯ ಹತ್ತಲಿಕ್ಕೆ. ಹಾಗಂತ ಜಾಹೀರಾತಿನಲ್ಲಿತ್ತು. ಎತ್ತರದ ಸೀಟು, ಅಗಲದ ಹ್ಯಾಂಡಲ್ಲು, ಕಲ್ಲು ಕೆಸರು ಎನ್ನದೆ ನುಗ್ಗುವ ಟಯರು, ಪೆಟ್ಟಿಗೆ ಕಟ್ಟಲು ಎರಡೂ ಕಡೆ ಕಬ್ಬಿಣದ ಚೌಕಟ್ಟು. ಸೊರಬಕ್ಕೆ ಬಂದ ಮೇಲೆ ಅದು ಮನೆಯಿಂದ ಹೈಸ್ಕೂಲಿಗೆ, ಹೈಸ್ಕೂಲಿನಿಂದ ತರಕಾರಿ ಅಂಗಡಿಗೆ ಹೋಗುತ್ತಿತ್ತು. ಪರೀಕ್ಷೆಯ ಕೆಲಸಕ್ಕೆಂದು ಒಮ್ಮೆ ಅದೇ ತಾಲ್ಲೂಕಿನ ಉಳವಿಯವರೆಗೆ ಹೋಗಿಬಂದದ್ದೇ ಅದರ ಈವರೆಗಿನ ಮಹಾಯಾತ್ರೆ. (ಆ ದಿನದ ಫೋಟೋ ಮೇಷ್ಟ್ರ ಫೋನಿನಲ್ಲಿದೆ. ಹಿನ್ನೆಲೆಯಲ್ಲಿ ಶಿಖರದ ಬದಲು ಒಂದು ಎಮ್ಮೆ ಇದೆ.)

ಆ ಬೈಕಿಗೆ ಇದ್ದದ್ದು ಒಂದೇ ರೋಗ. ಹೆಂಡತಿ ಶರಣ್ಯ ಹಿಂದೆ ಕೂತಿದ್ದಾಗ ರಸ್ತೆಯಲ್ಲಿ ಹಂಪು ಬಂದರೆ ಗಾಡಿಯ ಹಿಂಭಾಗ ಪೂರ್ತಿ ಕುಸಿದು 'ಠಕ್' ಎನ್ನುತ್ತಿತ್ತು. ಶಾಕಬ್ಸರಿನ ಸ್ಪ್ರಿಂಗು ಇನ್ನು ಕುಗ್ಗಲು ಜಾಗವಿಲ್ಲದೆ ತಳ ಹೊಡೆಯುವ ಸದ್ದು ಅದು. ಸ್ಪ್ರಿಂಗಿನಲ್ಲಿ ಹುಟ್ಟಿದ ಆ ಠಕ್ಕು ಶರಣ್ಯಳ ಸೊಂಟದಲ್ಲಿ ಮುಗಿಯುತ್ತಿತ್ತು.

"ನಾನೊಬ್ಬನೇ ಇದ್ದಾಗ ಈ ಸದ್ದು ಬರೂದಿಲ್ಲ ನೋಡು," ಎಂದರು ಮೇಷ್ಟ್ರು ಒಂದು ಸಂಜೆ, ಬಸ್‌ಸ್ಟ್ಯಾಂಡಿನ ಹಂಪು ದಾಟುತ್ತಾ.

"ಹಂಗಂದ್ರೆ?"

"ಹಂಗಂದ್ರೆ ಎಂತದೂ ಇಲ್ಲ. ಬರೀ ಒಂದು ವೀಕ್ಷಣೆ."

ಶರಣ್ಯ ಅಲ್ಲೇ ಇಳಿದಳು. ವೀಕ್ಷಣೆ ಮಾಡಿದವರು ಒಂದನೇ ಗೇರಿನಲ್ಲಿ ಅವಳ ಪಕ್ಕಪಕ್ಕದಲ್ಲೇ ಮನೆಯವರೆಗೂ ಬಂದರು. ಗೇಟಿನ ಹತ್ತಿರ ಅವಳು ಬಾಯಿಬಿಟ್ಟಳು.

"ಇನ್ ಮ್ಯಾಲೆ ಈ ಗಾಡಿ ಹಿಂದೆ ನಾನು ಕೂರಂಗಿಲ್ರಿ. ಸ್ಪ್ರಿಂಗ್ ಬದಲಾಯಿಸ್ರಿ, ಇಲ್ಲಾಂದ್ರೆ ಗಾಡಿ ಬದಲಾಯಿಸ್ರಿ. ಮೂರನೇದನ್ನ ಬದಲಾಯಿಸೋ ವಿಚಾರ ನಾನು ಎತ್ತಂಗಿಲ್ಲ."

ಮೂರನೆಯದು ಯಾವುದೆಂದು ಮೇಷ್ಟ್ರು ಕೇಳಲಿಲ್ಲ. ಅವರಿಗೆ ಚಿಂತೆ ಹತ್ತಿದ್ದು ಬೇರೆಯದಕ್ಕೆ. ದಸರಾ ರಜೆಯಲ್ಲಿ ಇಬ್ಬರೂ ಘಟ್ಟ ಇಳಿದು ಸಮುದ್ರದ ದಂಡೆಗುಂಟ ಹೋಗುವುದು ಅಂತ ಮಾತಾಗಿತ್ತು. ಬೈಕು ತಂದದ್ದೇ ಆ ಮಾತಿನ ಮೇಲೆ. ಒಬ್ಬರೇ ಹೋಗಿ ಸಮುದ್ರ ನೋಡಿದರೆ "ಅಗೋ ನೋಡು" ಅಂತ ಯಾರಿಗೆ ಹೇಳುವುದು?

ಮರುದಿನವೇ ಸ್ಪ್ರಿಂಗ್ ತಯಾರಿಸುವ ಕಂಪನಿಯೊಂದಕ್ಕೆ ಫೋನು ಹೋಯಿತು. ಆ ಕಡೆಯ ಹುಡುಗಿ ಬಹಳ ವಿನಯದಿಂದ ವಿಚಾರಿಸಿದಳು.

"ಓಡಿಸೋರ ತೂಕ ಎಷ್ಟು ಸರ್?"

"ಎಪ್ಪತ್ತೆರಡು."

"ಹಿಂದೆ ಕೂರೋರ ತೂಕ?"

ಮೇಷ್ಟ್ರು ಅಡುಗೆಮನೆಯ ಕಡೆ ನೋಡಿದರು. ಒಳಗೆ ಈಳಿಗೆಮಣೆಯ ಮೇಲೆ ಸೌತೆಕಾಯಿ ತುಂಡಾಗುತ್ತಿತ್ತು. "ಆಮೇಲೆ ತಿಳಿಸ್ತೀನಿ," ಎಂದರು.

"ಸರಿಯಾಗಿ ತಿಳಿಸಿ ಸರ್. ನಿಮ್ಮ ತೂಕಕ್ಕೆ ಅಂತಲೇ ಸ್ಪ್ರಿಂಗ್ ಮಾಡೋದು. ಹೊಂದಲಿಲ್ಲ ಅಂದ್ರೆ ವಾಪಸ್ ತಗೊಳ್ಳಲ್ಲ."

ಮೇಷ್ಟ್ರ ಎಪ್ಪತ್ತೆರಡರ ಬಗ್ಗೆ ಒಂದು ಮಾತು ಹೇಳಬೇಕು. ಕೆಲಸಕ್ಕೆ ಸೇರುವಾಗ ಸರ್ಕಾರಿ ಡಾಕ್ಟರು ತೂಗಿ ಹೇಳಿದ ಸಂಖ್ಯೆ ಅದು. ಅಂದಿನಿಂದ ಜನ್ಮದಿನಾಂಕ, ರಕ್ತದ ಗುಂಪಿನ ಜೊತೆಗೆ ಇದೂ ಜೀವನಪರ್ಯಂತ ಬದಲಾಗದ ಸಂಗತಿಗಳ ಸಾಲಿಗೆ ಸೇರಿಬಿಟ್ಟಿತ್ತು. ಮನೆಯಲ್ಲೊಂದು ತೂಕದ ಯಂತ್ರವೇನೋ ಇತ್ತು. ಅದರ ಸೆಲ್ಲು ಯಾವಾಗಲೋ ಮುಗಿದಿತ್ತು. ಹೊಸದು ಹಾಕಲು ಶರಣ್ಯ ಹೇಳಿರಲಿಲ್ಲ, ಮೇಷ್ಟ್ರು ತಂದಿರಲಿಲ್ಲ. ಆ ಒಂದು ವಿಷಯದಲ್ಲಿ ದಂಪತಿಗಳ ನಡುವೆ ಪೂರ್ಣ ಒಮ್ಮತವಿತ್ತು.

ಹೆಂಡತಿಯ ತೂಕ ಕೇಳುವ ಧೈರ್ಯ ಮೇಷ್ಟ್ರಿಗಿಲ್ಲ. ಆದರೆ ಅವರ ಹತ್ತಿರ ಭೌತಶಾಸ್ತ್ರವಿತ್ತು. ಭಾನುವಾರ ಬೆಳಿಗ್ಗೆ ಗ್ಯಾರೇಜಿನ ಮಾಲತೇಶನನ್ನು ಅಂಗಳಕ್ಕೆ ಕರೆಸಿ ಬೈಕು ನೆಟ್ಟಗೆ ಹಿಡಿದು ನಿಲ್ಲಲು ಹೇಳಿದರು. ಸೀಟಿನ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿದರು.

"ಏನಿದು ಪೂಜೆ?" ಶರಣ್ಯ ಹೊರಗೆ ಬಂದಳು.

"ಹುಕ್ಕನ ನಿಯಮ," ಎಂದರು ಮೇಷ್ಟ್ರು, ಒಂಬತ್ತನೇ ಕ್ಲಾಸಿನ ದನಿಯಲ್ಲಿ. "ಭಾರ ಎಷ್ಟು ಹೆಚ್ಚುತ್ತೋ ಸ್ಪ್ರಿಂಗು ಅಷ್ಟೇ ಲೆಕ್ಕದಲ್ಲಿ ಕುಗ್ಗುತ್ತೆ. ಗೊತ್ತಿರೋ ತೂಕ ಒಂದನ್ನ ಇಟ್ಟು ನೋಡಿದ್ರೆ, ಗೊತ್ತಿಲ್ಲದ ತೂಕ ತಾನಾಗೇ ಗೊತ್ತಾಗುತ್ತೆ. ಯಾರನ್ನೂ ಏನೂ ಕೇಳೋ ಅಗತ್ಯವೇ ಇಲ್ಲ."

"ಮೊದಲು ನಿಮ್ಮ ಪ್ಯಾಂಟಿನ ಹುಕ್ಕಿನ ನಿಯಮ ನೋಡ್ಕಳ್ರಿ. ಟೈಲರ್ ಅದನ್ನ ಸರಿಸಿ ಸರಿಸಿ ಇನ್ನು ಬಟ್ಟೇನೇ ಇಲ್ಲ ಅಂತಿದಾನೆ."

ಮಾಲತೇಶ್ ಗಾಡಿಯ ಕನ್ನಡಿಯಲ್ಲಿ ತನ್ನ ಮೀಸೆ ನೋಡಿಕೊಂಡ.

ಗೊತ್ತಿರುವ ತೂಕಕ್ಕೆ ಒಳಗಿನಿಂದ ಅಕ್ಕಿಚೀಲ ಬಂತು. ಶಿಕಾರಿಪುರದಲ್ಲಿ ಅಕ್ಕಿ ಮಂಡಿ ಇಟ್ಟಿರುವ ಮಾವ ನಾಗರಾಜಪ್ಪನವರು ಕಳಿಸಿದ್ದು. ಬಾಯಿ ಹೊಲಿದದ್ದು ಹೊಲಿದ ಹಾಗೇ ಇದ್ದ ಇಪ್ಪತ್ತೈದು ಕೆಜಿಯ ಚೀಲ. ಗುರುತಿನ ಮೇಲೆ ಇಟ್ಟರು. ಹಿಂಭಾಗ ಹತ್ತು ಮಿಲಿಮೀಟರ್ ಇಳಿಯಿತು. ಮತ್ತೆ ಇಟ್ಟರು, ಮತ್ತೆ ಹತ್ತೇ. ಮೇಷ್ಟ್ರಿಗೆ ಖುಷಿಯಾಯಿತು. ನಂತರ ಶರಣ್ಯಳ ಕೈಗೆ ಟೇಪು ಕೊಟ್ಟು ಅದೇ ಗುರುತಿನ ಮೇಲೆ ತಾವು ಕೂತರು.

"ಎಷ್ಟು?"

"ಮೂವತ್ತಾರು."

"ಸರಿ ನೋಡು."

"ಮೂವತ್ತಾರೇ ಐತ್ರಿ."

ಹತ್ತಕ್ಕೆ ಇಪ್ಪತ್ತೈದಾದರೆ ಮೂವತ್ತಾರಕ್ಕೆ ತೊಂಬತ್ತು. ಮೇಷ್ಟ್ರು ಇಳಿದು ಚಪ್ಪಲಿ ಬಿಟ್ಟು ಹತ್ತಿದರು. ಮೂವತ್ತಾರು. ಫೋನು, ಕೀಲಿಗೊಂಚಲು ತೆಗೆದಿಟ್ಟು ಹತ್ತಿದರು. ಮೂವತ್ತಾರು. ಉಸಿರು ಪೂರ್ತಿ ಹೊರಗೆ ಬಿಟ್ಟು ಕೂತರು. ಉಸಿರಿಗೆ ಹೇಳಿಕೊಳ್ಳುವಂಥ ತೂಕವಿಲ್ಲವೆಂದು ಪ್ರತಿ ವರ್ಷ ಮಕ್ಕಳಿಗೆ ಹೇಳುವವರು ಅವರೇ.

ಬೈಕಿನ ಮೇಲೆ ಕೂತಲ್ಲೇ ಅವರು ಸ್ವಲ್ಪ ಹೊತ್ತು ಆಲೋಚಿಸಿದರು. ಆಮೇಲೆ ಮುಖ ಅರಳಿತು.

"ನನ್ನ ತೂಕ ಎಪ್ಪತ್ತೆರಡು. ಅದಕ್ಕೆ ಮೂವತ್ತಾರು ಕುಗ್ಗಿದೆ. ಹಂಗಾದ್ರೆ ಹತ್ತು ಕುಗ್ಗಿಸಿದ ಚೀಲದ ತೂಕ ಇಪ್ಪತ್ತು. ಲೆಕ್ಕ ಎಷ್ಟು ಚೊಕ್ಕ ಬಂತು ನೋಡು."

"ಅಂದ್ರೆ?" ಎಂದಳು ಶರಣ್ಯ, ಟೇಪು ನಿಧಾನವಾಗಿ ಸುತ್ತುತ್ತಾ.

"ಅಂದ್ರೆ ಚೀಲದಲ್ಲಿ ಐದು ಕೆಜಿ ಕಮ್ಮಿ ಇದೆ."

ಮಾಲತೇಶ್‌ಗೆ ಗ್ಯಾರೇಜಿನಲ್ಲಿ ಅರ್ಜೆಂಟ್ ಕೆಲಸವೊಂದು ನೆನಪಾಯಿತು. ಆದರೆ ಬೈಕು ಬಿಟ್ಟರೆ ಮೇಷ್ಟ್ರ ಸಮೇತ ಬೀಳುತ್ತದೆಂದು ನಿಂತೇ ಇದ್ದ.

"ನಮ್ಮಪ್ಪ ತೂಕದಲ್ಲಿ ಹೊಡೀತಾರೆ ಅಂತೀರಾ?"

"ಛೆ ಛೆ, ಮಾವ ಅಂತ ಯಾರಂದ್ರು? ತೂಗೋರು ಎಂತದೋ ಕೈತಪ್ಪು ಮಾಡಿರಬಹುದು. ಬೇಕಾದ್ರೆ ನೀನೂ ಕೂತು ನೋಡು."

ಶರಣ್ಯ ಸವಾಲಿಗೆಂದೇ ಸೆರಗು ಸಿಕ್ಕಿಸಿ ಹತ್ತಿ ಕೂತಳು. ಇಪ್ಪತ್ನಾಲ್ಕು ಮಿಲಿಮೀಟರ್.

"ನನ್ನ ಲೆಕ್ಕದಲ್ಲಿ ನಿನ್ನ ತೂಕ ಬರೀ ನಲವತ್ತೆಂಟು," ಎಂದರು ಮೇಷ್ಟ್ರು, ಹಬ್ಬದ ಸೀರೆ ಕೊಟ್ಟವರ ಹಾಗೆ. "ಮಾವನ ಚೀಲ ಸರಿ ಅನ್ನೋದಾದ್ರೆ ಅರವತ್ತು. ಯಾವುದು ಬೇಕೋ ನೀನೇ ಆರಿಸ್ಕೋ."

ಒಂದು ಕ್ಷಣ, ಒಂದೇ ಕ್ಷಣ, ಶರಣ್ಯಳ ಮುಖದಲ್ಲಿ ಏನೋ ಸಡಿಲವಾದಂತೆ ಕಂಡಿತು. ಮದುವೆಯಲ್ಲೂ ಅವಳು ನಲವತ್ತೆಂಟಿರಲಿಲ್ಲ. ಆದರೆ ಅವಳು ಮಂಡಿಯವರ ಮನೆಯ ಮಗಳು.

"ನಡೀರಿ ಶಿಕಾರಿಪುರಕ್ಕೆ," ಎಂದಳು. "ಅಪ್ಪನ ತಕ್ಕಡಿ ಮ್ಯಾಲೆ ಚೀಲ ಇಡಣ. ಕಮ್ಮಿ ಬಂದ್ರೆ ಸಾಯೋತನಕ ನಿಮ್ಮ ಗಾಡಿ ಹಿಂದೆ ಕೂರ್ತೀನಿ, ಠಕ್ ಅಂದ್ರೂ ಪಿಟ್ಟೆನ್ನಂಗಿಲ್ಲ. ಸರಿ ಬಂದ್ರೆ, ಸ್ಪ್ರಿಂಗಿನೋರ ಹತ್ರ ನಾನು ಮಾತಾಡ್ತೀನಿ."

ಅವಳು ಬಸ್ಸಿನಲ್ಲಿ ಹೊರಟಳು. ಮೇಷ್ಟ್ರು ಅವಳ ಜಾಗದಲ್ಲಿ ಅಕ್ಕಿಚೀಲ ಕೂರಿಸಿ ಹಗ್ಗ ಬಿಗಿದು ಬೈಕಿನಲ್ಲಿ ಹೊರಟರು. ಚೀಲ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಆದರೆ ಊರು ದಾಟುವ ಮೊದಲೇ, ಮೊದಲ ಹಂಪಿನಲ್ಲಿ, ಠಕ್. ಮೇಷ್ಟ್ರು ಬೆಚ್ಚಿದರು. ಶರಣ್ಯ ಇಲ್ಲ, ಅವಳ ಅರ್ಧದಷ್ಟೂ ಭಾರವಿಲ್ಲ, ಆದರೂ ಠಕ್. ಶಿರಾಳಕೊಪ್ಪ ಬರುವುದರೊಳಗೆ ಇನ್ನೆಷ್ಟೋ ಸಲ ಆ ಸದ್ದು ಬಂತು. ಇದಕ್ಕೆ ಭೌತಶಾಸ್ತ್ರದಲ್ಲಿ ಒಂದೇ ವಿವರಣೆ ಇತ್ತು. ಮೇಷ್ಟ್ರು ಅದನ್ನು ಬಿಟ್ಟು ಲೋಕೋಪಯೋಗಿ ಇಲಾಖೆಯ ವಿವರಣೆಯನ್ನು ಆರಿಸಿಕೊಂಡರು. ರಸ್ತೆ ಸರಿಯಿಲ್ಲ. ಅಷ್ಟರಲ್ಲಿ ಬಸ್ಸು ಪಕ್ಕದಲ್ಲಿ ಮುಂದೆ ಹೋಯಿತು. ಕಿಟಕಿಯಲ್ಲಿ ಶರಣ್ಯ ಚೀಲವನ್ನು ನೋಡಿದಳು, ಮೇಷ್ಟ್ರನ್ನು ನೋಡಲಿಲ್ಲ.

ಮಂಡಿಯಲ್ಲಿ ನಾಗರಾಜಪ್ಪನವರು ಮೆಕ್ಕೆಜೋಳ ತಂದ ರೈತರ ನಡುವೆ ಕೂತಿದ್ದರು. ಅಳಿಯನ ಬೈಕು, ಅದರ ಮೇಲೆ ತಮ್ಮದೇ ಚೀಲ ಕಂಡು ಎದ್ದು ಬಂದರು.

"ಬರ್ರಿ ಬರ್ರಿ. ಯಾಕ್ರಿ, ಅಕ್ಕಿ ಬೇಯಲಿಲ್ಲೇನು?"

"ಅಕ್ಕಿ ಚೆನ್ನಾಗೇ ಇದೆ ಮಾವ. ಇದು ಸುಮ್ನೆ ಒಂದು ಪ್ರಯೋಗ," ಎಂದು ಮೇಷ್ಟ್ರು ಶುರುಮಾಡುವುದರೊಳಗೆ ಮೊದಲೇ ಬಂದು ಕೂತಿದ್ದ ಶರಣ್ಯ ಮುಗಿಸಿದಳು.

"ನಿಮ್ಮ ಚೀಲದಾಗೆ ಐದು ಕೆಜಿ ಕಮ್ಮಿ ಐತಂತಪ್ಪ."

ಜೋಳ ತಂದವರೆಲ್ಲ ಇತ್ತ ತಿರುಗಿದರು. ನಾಗರಾಜಪ್ಪನವರ ತಕ್ಕಡಿಗೆ ಆ ಬೀದಿಯಲ್ಲಿ ಒಂದು ಹೆಸರಿತ್ತು. ತೇವ, ಕಸ ಅಂತ ಹೇಳಿ ತೂಕದಲ್ಲಿ ಒಂದಿಷ್ಟು ಕಳೆಯುವುದಕ್ಕೆ ವ್ಯಾಪಾರದಲ್ಲಿ ಸೂಟು ಎನ್ನುತ್ತಾರೆ. ಅವರು ಈ ನಲವತ್ತು ವರ್ಷದಲ್ಲಿ ಒಬ್ಬ ರೈತನಿಗೂ ಸೂಟು ತೆಗೆದವರಲ್ಲ. ಅವರ ಮುಖ ಸಣ್ಣಗಾಯಿತು. ಸಿಟ್ಟಾಗಿದ್ದರೆ ಮೇಷ್ಟ್ರಿಗೆ ವಾಸಿಯಿತ್ತು.

"ಇಡೋ ಮಾರಪ್ಪ," ಎಂದರು ಹಮಾಲಿಗೆ.

ಮಾರಪ್ಪ ನೆಲದ ಮೇಲಿನ ತಕ್ಕಡಿಯ ಹಲಗೆಗೆ ಚೀಲ ಇಟ್ಟು ಕೂಗಿದ. "ಇಪ್ಪತ್ತೈದು, ನೂರಾ ಐವತ್ತು ಗ್ರಾಂ."

"ಆ ನೂರಾ ಐವತ್ತು ಖಾಲಿ ಚೀಲದ್ದು," ಎಂದರು ನಾಗರಾಜಪ್ಪ ಮೆಲ್ಲಗೆ. "ಅದನ್ನ ನಾನು ಅಕ್ಕಿ ಲೆಕ್ಕಕ್ಕೆ ಹಿಡಿಯಂಗಿಲ್ರಿ."

ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಆದರೆ ಭೂಮಿಯ ಬದಲು ಹೆಂಡತಿ ಬಾಯಿಬಿಟ್ಟಳು. "ಹತ್ರಿ ಈಗ."

ಅವರು ಹತ್ತಿದರು. ಹೊಟ್ಟೆ ಒಳಗೆಳೆದು, ತೊಟ್ಟಿಯ ನೀರಿಗೆ ಇಳಿಯುವವರಂತೆ ಉಸಿರು ಬಿಗಿಹಿಡಿದು ನಿಂತರು. ಆ ಉಸಿರನ್ನು ಹೆಚ್ಚು ಹೊತ್ತು ಹಿಡಿಯಲಾಗದೆ ಬಿಟ್ಟದ್ದೇ ತಡ, ಪ್ಯಾಂಟಿನ ಹುಕ್ಕು ಟಣ್ಣನೆ ಹಾರಿತು. (ಅದು ತಕ್ಕಡಿಯ ಹಲಗೆಯ ಮೇಲೆಯೇ ಬಿದ್ದದ್ದರಿಂದ ಒಟ್ಟು ತೂಕದಲ್ಲಿ ಯಾವ ವ್ಯತ್ಯಾಸವೂ ಆಗಲಿಲ್ಲ.)

"ತೊಂಬತ್ತು," ಎಂದು ಮಾರಪ್ಪ ಕೂಗಿದ, ಚೀಲಕ್ಕೆ ಕೂಗುವ ಅದೇ ರಾಗದಲ್ಲಿ.

ಬೀದಿಯ ಆಚೆ ಬದಿಗೂ ಕೇಳಿಸಿರಬೇಕು. ಮೇಷ್ಟ್ರು ಎರಡೂ ಕೈಯಲ್ಲಿ ಸೊಂಟ ಹಿಡಿದು ನಿಂತಿದ್ದರು. ನಾಗರಾಜಪ್ಪನವರು ಅಳಿಯನ ಮುಖ ನೋಡಿದರು, ಸುತ್ತ ನಿಂತ ಜನರನ್ನು ನೋಡಿದರು. ಅವರ ಮನಸ್ಸು ತಡೆಯಲಿಲ್ಲ.

"ಸೂಟು ತೆಗಿಯೋ ಮಾರಪ್ಪ," ಎಂದರು. "ಮನೆ ಅಳಿಯಂದ್ರು."

ಮಾರಪ್ಪನಿಗೆ ಕಿವಿ ನಂಬಲಾಗಲಿಲ್ಲ. "ಎಷ್ಟು ತೆಗೀಲಿ ಸಾವ್ಕಾರ್ರೆ?"

"ಹದಿನೆಂಟು ತೆಗಿ," ಎಂದಳು ಶರಣ್ಯ. "ಎಪ್ಪತ್ತೆರಡಕ್ಕೆ ಬರ್ಲಿ."

ಮೊದಲು ನಕ್ಕವರು ಜೋಳದ ರೈತರು, ಆಮೇಲೆ ಮಾವ. ಕೊನೆಗೆ ಬೇರೆ ದಾರಿ ಕಾಣದೆ ಮೇಷ್ಟ್ರೂ ನಕ್ಕರು. ಅತ್ತೆ ವೀರಮ್ಮ ಒಳಗಿನಿಂದ ಒಂದು ಪಿನ್ನು ಕಳಿಸಿಕೊಟ್ಟರು.

ಮಾತು ಕೊಟ್ಟಂತೆ ಫೋನು ಶರಣ್ಯಳ ಕೈಗೆ ಹೋಯಿತು.

"ಓಡಿಸೋರು ತೊಂಬತ್ತು ಬರ್ಕೊಳ್ಳಮ್ಮ. ಹಾಂ, ಮೊದಲು ಹೇಳಿದ್ದು ಹಳೇ ಲೆಕ್ಕ." ಅವಳು ಗಂಡನ ಕಡೆ ತಿರುಗಿ, ಕಣ್ಣಲ್ಲಿ ಕಣ್ಣಿಟ್ಟು ಮುಂದುವರಿಸಿದಳು. "ಹಿಂದೆ ಕೂರೋರು ನಲವತ್ತೆಂಟು. ಸರಿಯಾಗೇ ಐತಿ. ನಮ್ಮನೆಯೋರೇ ಭೌತಶಾಸ್ತ್ರದ ಪ್ರಕಾರ ಲೆಕ್ಕ ಹಾಕಿದ್ದು. ಅವರು ಸೈನ್ಸ್ ಮೇಷ್ಟ್ರು."

ಮೇಷ್ಟ್ರ ಬಾಯಿ ತೆರೆಯಿತು. ಅರವತ್ತು ಎಂಬ ಸಂಖ್ಯೆ ನಾಲಗೆಯ ತುದಿಯವರೆಗೆ ಬಂತು. ಒಮ್ಮೆ ಪಿನ್ನು ಮುಟ್ಟಿ ನೋಡಿಕೊಂಡು ಆ ಸಂಖ್ಯೆಯನ್ನು ಹಾಗೇ ನುಂಗಿದರು. (ಆ ತಿಂಗಳು ಅವರು ಹೊಟ್ಟೆ ತುಂಬ ನುಂಗಿದ್ದು ಅದೊಂದನ್ನೇ.)

ಸ್ಪ್ರಿಂಗು ಬಂತು. ಮಾಲತೇಶ್ ಕೂರಿಸಿಕೊಟ್ಟ. ಬಹಳ ಚೆನ್ನಾದ ಸ್ಪ್ರಿಂಗೇ, ಆದರೆ ಅದು ನೂರಾ ಮೂವತ್ತೆಂಟು ಕೆಜಿಗೆಂದು ತಯಾರಾದದ್ದು. ಸವಾರಿ ಮಾಡುವವರು ನೂರಾ ಐವತ್ತು. ದೊಡ್ಡ ಹಂಪಿನಲ್ಲಿ ಇನ್ನೂ ಸಣ್ಣಗೆ ಠಕ್ ಎನ್ನುತ್ತಿತ್ತು. ಹೆಚ್ಚಾದ ಆ ಹನ್ನೆರಡು ಕೆಜಿಯನ್ನು ದಸರಾದೊಳಗೆ ಎಲ್ಲಿಂದಲಾದರೂ ಕಳೆಯಲೇಬೇಕಿತ್ತು. ಯಾರಿಂದ ಎಂಬ ಬಗ್ಗೆ ಮನೆಯಲ್ಲಿ ಚರ್ಚೆಯೇ ಆಗಲಿಲ್ಲ.

"ಇನ್ನೊಂದು ರೊಟ್ಟಿ ಹಾಕ್ಲಾ?" ಎಂದು ಶರಣ್ಯ ಕೇಳುತ್ತಾಳೆ, ತವೆಯ ಮೇಲಿನ ಬಿಸಿ ಅಕ್ಕಿರೊಟ್ಟಿ ತಿರುವುತ್ತಾ.

"ಬೇಡ," ಎನ್ನುತ್ತಾರೆ ಮೇಷ್ಟ್ರು. "ಸ್ಪ್ರಿಂಗ್ ಮೆತ್ತಗಿದೆ."

ಚೀಲ ಮುಗಿಯಬೇಕಾದ ಲೆಕ್ಕಕ್ಕೆ ಸರಿಯಾಗಿ ಮೊನ್ನೆ ನಾಗರಾಜಪ್ಪನವರು ಫೋನು ಮಾಡಿ ಹೊಸ ಚೀಲ ಕಳಿಸಲೇ ಎಂದು ಕೇಳಿದರು. ಹಳೆಯದರಲ್ಲಿ ಇನ್ನೂ ಅರ್ಧ ಉಳಿದಿದೆ ಎಂದಳು ಮಗಳು. ಆ ಕಡೆಯಿಂದ ಬಹಳ ಕಳವಳದ ದನಿ ಕೇಳಿಸಿತು.

"ಅಳಿಯಂದ್ರಿಗೆ ಹೇಳಮ್ಮ, ಅವರ ಅನುಮಾನ ಸರಿ ಇತ್ತು ಕಾಣ್ತೈತಿ. ನಮ್ಮ ತಕ್ಕಡಿ ಕೆಟ್ಟೈತಿ. ಆ ಚೀಲಕ್ಕೆ ಜಾಸ್ತಿ ತೂಗಿಬಿಟ್ಟಿದೀನಿ."